ರೆಮಿ ಓವ್ರೆ ಬಿಚ್ಚಿ ನೋಡದ ಹೊಲಿಗೆ

ಪ್ರತಿ ತಿಂಗಳ ಮೊದಲ ಭಾನುವಾರ, ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ, ರೆಮಿ ಓವ್ರೆ ನನ್ನ ಕಾಫಿ ಅಂಗಡಿಗೆ ಬಂದು ಕಿಟಕಿ ಪಕ್ಕದ ಮೇಜು ಹಿಡಿಯುತ್ತಿದ್ದ. ಎದುರಿಗೆ ಒಂದು ಬಿಳಿ ಬಟ್ಟೆ ಹಾಸಿ ಭೂತಗನ್ನಡಿ ಇಟ್ಟುಕೊಂಡನೆಂದರೆ ಅವನ ದರಬಾರು ಶುರು. ನಾರ್ಮಂಡಿಯ ನಮ್ಮ ಕಡೆ ಯಾರ ಕೊಟ್ಟಿಗೆ ಗುಡಿಸಿದರೂ ಯುದ್ಧಕಾಲದ್ದು ಏನಾದರೊಂದು ಸಿಕ್ಕೇ ಸಿಗುತ್ತದೆ. ಸೈನಿಕರ ಊಟದ ಡಬ್ಬಿ, ಮಡಚುವ ಗುದ್ದಲಿ, ವಿಷಾನಿಲ ತಡೆಯುವ ಮುಖವಾಡದ ಚೀಲ, ನೀರಿನ ಬಾಟಲಿ. ಅದನ್ನೆಲ್ಲ ಕೊಳ್ಳಲು ಪ್ಯಾರಿಸ್ಸಿನಿಂದ, ಬ್ರಸೆಲ್ಸಿನಿಂದ ಸಂಗ್ರಹಕಾರರು ಬರುತ್ತಿದ್ದರು. ಯಾವುದು ಅಸಲಿ, ಯಾವುದು ನಕಲಿ, ಯಾವುದಕ್ಕೆ ಎಷ್ಟು ಬೆಲೆ ಎಂದು ಹೇಳುವವನು ರೆಮಿ.

ಅವನ ಅಪ್ಪ ಕುದುರೆಯ ಜೀನು ಹೊಲಿಯುತ್ತಿದ್ದ. ಹಾಗಾಗಿ ನೂಲು, ಚರ್ಮ, ಕ್ಯಾನ್ವಾಸು ರೆಮಿಗೆ ಎಳವೆಯಿಂದಲೇ ಕೈಗೆ ಹತ್ತಿದ್ದವು. ಹೊಲಿಗೆಯ ಮೇಲೆ ಬೆರಳಾಡಿಸಿಯೇ ಅದು ಎಷ್ಟು ಹಳೆಯದೆಂದು ಹೇಳಿಬಿಡುತ್ತಿದ್ದ. ಒಮ್ಮೆ ಒಬ್ಬ ವ್ಯಾಪಾರಿ ಹೊಸ ಚೀಲವನ್ನು ಚಹಾ ನೀರಿನಲ್ಲಿ ನೆನೆಸಿ, ಒಣಗಿಸಿ, ಯುದ್ಧಕಾಲದ್ದೆಂದು ತಂದಿದ್ದ. ರೆಮಿ ಮೂಸಿ ನೋಡಿ, "ಸಕ್ಕರೆ ಒಂಚೂರು ಕಡಿಮೆ ಆಯ್ತಲ್ಲ ಸ್ವಾಮಿ" ಅಂದ. ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಜನ ಹಾಗೆ ನಗುವುದು ಅವನಿಗೆ ಇಷ್ಟವಾಗುತ್ತಿತ್ತು. ಅವನ ಮಾತಿಗೆ ಎದುರು ಮಾತಿಲ್ಲ ಎಂಬ ಹೆಸರೂ ಬಂದಿತ್ತು.

1994ರ ಮೇ ತಿಂಗಳು. ಜರ್ಮನರನ್ನು ಓಡಿಸಲು ಇಂಗ್ಲಿಷರು ನಮ್ಮ ಕರಾವಳಿಗೆ ಬಂದಿಳಿದು ಐವತ್ತು ವರ್ಷವಾಗುವ ಜೂನ್ ಹತ್ತಿರದಲ್ಲಿತ್ತು. ಊರಿನ ಶಾಲೆಯ ಹಜಾರದಲ್ಲಿ ಒಂದು ಪ್ರದರ್ಶನ ಇಡೋಣವೆಂದು ಮೇಯರ್ ತೀರ್ಮಾನಿಸಿದರು. ಮನೆಮನೆಯಿಂದ ವಸ್ತುಗಳು ಬಂದವು. ಇಂಗ್ಲೆಂಡಿನಿಂದ ಮಾಜಿ ಸೈನಿಕರು ಬರುವವರಿದ್ದರು. ಅವರೆದುರು ನಕಲಿ ಮಾಲು ಇಟ್ಟು ಮರ್ಯಾದೆ ಕಳೆದುಕೊಳ್ಳುವುದು ಬೇಡವೆಂದು ಎಲ್ಲವನ್ನೂ ರೆಮಿ ನೋಡಬೇಕೆಂದಾಯಿತು.

ಅವನು ನನ್ನ ಅಂಗಡಿಯಲ್ಲಿ ಕೂತು ಅವನ್ನು ನೋಡುತ್ತಿದ್ದ ದಿನವೇ ಫಿಲೊಮೆನ್ ತೊಸ್ತೇಂ ಬಂದಳು. ಅರವತ್ತೊಂಬತ್ತರ ಮುದುಕಿ, ಹೆಚ್ಚು ಮಾತಿನವಳಲ್ಲ. ಜೊತೆಗೆ ಮಗ ಬೆರ್ತ್ರಾಂ ಇದ್ದ. ಅವಳ ಕೈಯಲ್ಲಿ ಉಣ್ಣೆಯ ಕವಚ ಹೊದಿಸಿದ ಒಂದು ನೀರಿನ ಬಾಟಲಿ, ಅದಕ್ಕೊಂದು ಕ್ಯಾನ್ವಾಸ್ ಪಟ್ಟಿ. ಅದರ ಕಥೆ ಊರಿಗೆಲ್ಲ ಗೊತ್ತಿತ್ತು. ಯುದ್ಧ ಊರೊಳಗೆ ಬಂದ ಆ ಜೂನಿನಲ್ಲಿ ಅವಳಿಗೆ ಹತ್ತೊಂಬತ್ತು. ಮನೆ ಕುಸಿದಾಗ ಗಾಯಗೊಂಡ ಪುಟ್ಟ ತಂಗಿಯನ್ನು ಎತ್ತಿಕೊಂಡು ಓಡಿ ರಸ್ತೆ ಬದಿಯ ಹಳ್ಳದಲ್ಲಿ ಅಡಗಿದ್ದಳು. ಆ ಹಾದಿಯಲ್ಲಿ ಬಂದ ಇಂಗ್ಲಿಷ್ ಸೈನಿಕನೊಬ್ಬ ಮಗುವಿಗೆ ನೀರು ಕುಡಿಸಿ, ಬಾಟಲಿಯನ್ನು ಅಲ್ಲೇ ಬಿಟ್ಟು, ಮುಂದೆ ಹೋದನಂತೆ. ಸಂಜೆ ತಂಗಿ ತೀರಿಕೊಂಡಳು. ಬಾಟಲಿ ಫಿಲೊಮೆನ್ ಹತ್ತಿರ ಉಳಿಯಿತು.

"ರೆಮಿ, ಇದನ್ನ ಕಣ್ಣಿಗೆ ಬೀಳೋ ಹಾಗೆ ಇಡಿಸಪ್ಪ" ಅಂದಳು. "ಅವನೇ ಬಂದ್ರೂ ಬರಬಹುದು."

ರೆಮಿ ಪಟ್ಟಿಯನ್ನು ತಿರುಗಿಸಿ ಭೂತಗನ್ನಡಿ ಹಿಡಿದ. ಇಂಗ್ಲಿಷ್ ಸೈನ್ಯದ ಬಾಣದ ಮುದ್ರೆ ಇತ್ತು, ಕೆಳಗೆ ಇಸವಿ ಇತ್ತು. ಉಣ್ಣೆ ಕವಚದ ಹೊಲಿಗೆ ಎಳೆದು ನೋಡಿದ.

"ಫಿಲೊಮೆನಮ್ಮ, ಇದರ ಮೇಲೆ 1953 ಅಂತಿದೆ. ಹೊಲಿಗೆನೂ ಆಮೇಲಿಂದೇ. ನಿಮ್ಮ ಸೈನಿಕ ಒಂಬತ್ತು ವರ್ಷ ಮುಂಚೆನೇ ಬಂದುಬಿಟ್ನಾ ಹೇಗೆ?"

ಯಾರೋ ಕಿಸಕ್ಕನೆ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

"ಪಟ್ಟಿ ಆಮೇಲೆ ಹಾಕಿಸಿದ್ದು. ಆ ಕವಚ ನಾನು..." ಎಂದು ಅವಳು ಕೈ ಎತ್ತಿ ಏನೋ ಹೇಳಹೊರಟಳು.

"ಬೇಜಾರು ಮಾಡ್ಕೋಬೇಡಿ ಅಮ್ಮ. ವಯಸ್ಸಾದ ಮೇಲೆ ಒಂದು ಬಾಟಲಿ ಹೋಗಿ ಇನ್ನೊಂದಾಗತ್ತೆ. ಸಂತೇಲಿ ಇಂಥದ್ದು ನಲವತ್ತು ಫ್ರಾಂಕಿಗೆ ಸಿಗತ್ತೆ."

ಮೇಯರ್ ಪ್ರದರ್ಶನದ ಯಾದಿಯಲ್ಲಿ ಅವಳ ಹೆಸರಿನ ಮೇಲೆ ಗೀಟು ಎಳೆದರು. ಬೆರ್ತ್ರಾಂ ನಾಚಿಕೊಂಡು, "ಬಾಮ್ಮ, ಹೋಗೋಣ, ಸಾಕು" ಎಂದು ಅವಳ ತೋಳು ಹಿಡಿದ. ಅವಳು ಬಾಟಲಿಯನ್ನು ಮೇಲುಡುಪಿನೊಳಗೆ ಸೇರಿಸಿಕೊಂಡು ಹೊರಟುಹೋದಳು. ಆಮೇಲೆ ಆ ಕಥೆಯನ್ನು ಅವಳ ಬಾಯಲ್ಲಿ ಯಾರೂ ಕೇಳಲಿಲ್ಲ. ಮೂರು ವರ್ಷ ಬದುಕಿದ್ದಳು. ಚರ್ಚಿಗೆ ಬಂದರೂ ನನ್ನ ಅಂಗಡಿಯ ಮುಂದೆ ಹಾಯದೆ ಹಿಂದಿನ ಬೀದಿಯಿಂದ ಹೋಗುತ್ತಿದ್ದಳು.

1999ರ ಬೇಸಿಗೆಯಲ್ಲಿ ಬೆರ್ತ್ರಾಂ ಅಮ್ಮನ ಮನೆಯ ಹಳೆ ಸಾಮಾನೆಲ್ಲ ಚೌಕದ ಸಂತೆಗೆ ತಂದ. ಮಸಿ ಹಿಡಿದ ಪಾತ್ರೆಗಳ ನಡುವೆ ಬಾಟಲಿಯೂ ಇತ್ತು. ರೆಮಿ ಅದನ್ನು ಇಪ್ಪತ್ತು ಫ್ರಾಂಕಿಗೆ ಕೊಂಡ. ಯಾಕೆ ಕೊಂಡೆ ಎಂದು ಆಮೇಲೆ ಕೇಳಿದ್ದಕ್ಕೆ, "ಬಿರಡೆ ಚೆನ್ನಾಗಿತ್ತು, ಬೇರೆ ಬಾಟಲಿಗೆ ಹಾಕೋಣ ಅಂತ" ಅಂದ. ಅಷ್ಟೇ ಕಾರಣ.

ಆ ಮಧ್ಯಾಹ್ನ ಅವನು ನನ್ನ ಅಂಗಡಿಯಲ್ಲಿ ಕೂತು ಉಣ್ಣೆ ಕವಚದ ಹೊಲಿಗೆಯನ್ನು ಚಾಕುವಿನ ತುದಿಯಿಂದ ಬಿಚ್ಚಿದ. ಒಳಗೆ ಇನ್ನೊಂದು ಕವಚವಿತ್ತು. ನುಸಿ ತಿಂದು ಜಾಲರಿಯಾಗಿದ್ದ, ಯುದ್ಧಕಾಲದ ಅಸಲಿ ಕವಚ. ಅದರ ಮೇಲೆ ನೇರಳೆ ಪೆನ್ಸಿಲಿನಲ್ಲಿ ಸೈನಿಕನ ಸಂಖ್ಯೆ, ಒಂದು ಹೆಸರು: ಡಾಬ್ಸನ್. ಅದನ್ನೂ ಸರಿಸಿದರೆ ನೀಲಿ ಬಣ್ಣದ ಬಾಟಲಿ, ತಳದಲ್ಲಿ 1943. ಹೆಸರು ಅಳಿಸಿಹೋಗದಿರಲೆಂದು ಫಿಲೊಮೆನ್ ಮೇಲೊಂದು ಕವಚ ಹೊಲಿದಿದ್ದಳು.

ರೆಮಿ ಚಾಕು ಕೆಳಗಿಟ್ಟ. "ಸಿಲ್ವೆಟ್," ಅಂದ ನನಗೆ, "ಅವತ್ತು ನಾಲ್ಕು ಹೊಲಿಗೆ ಬಿಚ್ಚಿದ್ರೆ ಆಗಿತ್ತು. ನಾಲ್ಕೇ ನಾಲ್ಕು."

ನಾನು ಕಾಫಿ ಬಗ್ಗಿಸಿಟ್ಟೆ. ಅವನು ಮುಟ್ಟಲಿಲ್ಲ.

ಆ ಸಂಖ್ಯೆ, ಆ ಹೆಸರು ಬರೆದು ಇಂಗ್ಲೆಂಡಿನ ಮಾಜಿ ಸೈನಿಕರ ಸಂಘವೊಂದಕ್ಕೆ ಕಾಗದ ಹಾಕಿದ. ಎರಡು ತಿಂಗಳ ಮೇಲೆ ಉತ್ತರ ಬಂತು, ಡಾಬ್ಸನ್‌ನ ಮಗಳು ಜಾಯ್ಸ್ ಬರೆದದ್ದು. ಶಾಲೆಯ ಇಂಗ್ಲಿಷ್ ಮೇಷ್ಟ್ರು ಅದನ್ನು ನಮಗೆ ಓದಿ ಹೇಳಿದರು. ಡಾಬ್ಸನ್ ಯುದ್ಧದಲ್ಲಿ ಸತ್ತಿರಲಿಲ್ಲ. ಊರಿಗೆ ಮರಳಿ, ಜೀವನವೆಲ್ಲ ಅಂಚೆ ಹಂಚಿ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ. ಹಳ್ಳದಲ್ಲಿ ಕಂಡ ಇಬ್ಬರು ಹುಡುಗಿಯರ ವಿಷಯ ಮನೆಯಲ್ಲಿ ಆಗಾಗ ಹೇಳುತ್ತಿದ್ದನಂತೆ. 1994ರ ಜೂನಿನಲ್ಲಿ ಜೊತೆಯವರೊಂದಿಗೆ ಬಸ್ಸಿನಲ್ಲಿ ನಮ್ಮೂರಿಗೂ ಬಂದಿದ್ದ. ಪ್ರದರ್ಶನವನ್ನು ಎರಡು ಸಲ ಸುತ್ತಿದ್ದ. ಆ ಹುಡುಗಿಯರು ಏನಾದರೆಂದು ಒಂದಿಬ್ಬರನ್ನು ಕೇಳಿದ್ದ, ಅವನ ಮಾತು ಯಾರಿಗೂ ಅರ್ಥವಾಗಿರಲಿಲ್ಲ.

ಮೇಷ್ಟ್ರು ಕಾಗದ ಮಡಚಿದರು. ಆ ದಿನ ಬಸ್ಸಿನವರಿಗೆಲ್ಲ ಸೇಬಿನ ಮದ್ಯ ಬಗ್ಗಿಸಿದವಳು ನಾನೇ. ಅವರಲ್ಲಿ ಯಾವ ಮುಖ ಅವನದೆಂದು ಈಗಲೂ ನೆನಪು ಮಾಡಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ.

ರೆಮಿ ಕಾಗದ, ಬಾಟಲಿ ಎರಡನ್ನೂ ಹಿಡಿದು ಬೆರ್ತ್ರಾಂನ ಮನೆಗೆ ಹೋದ. ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದ. ಬೆರ್ತ್ರಾಂ ಹಾಲಿನ ಡಬ್ಬಿ ತೊಳೆಯುತ್ತಿದ್ದ. ಎಲ್ಲ ಕೇಳಿಸಿಕೊಂಡ. ಕೈ ಒರೆಸಿಕೊಂಡ.

"ಅವತ್ತು ಅಮ್ಮ ಮನೆಗೆ ಬಂದಮೇಲೆ ನಂಗೆ ಹೇಳಿದ್ಲು, ಒಳಗೆ ಹೆಸರಿದೆ ಕಣೋ, ಬಿಚ್ಚಿ ತೋರಿಸ್ತೀನಿ ಅಂತ. ಬಿಡಮ್ಮ, ಓವ್ರೆಗಿಂತ ನಿಂಗೆ ಜಾಸ್ತಿ ಗೊತ್ತಾ ಅಂದೆ."

"ತಪ್ಪು ನಂದು, ಬೆರ್ತ್ರಾಂ."

"ನಿಮ್ದು ಹೌದು. ನೀವು ಹೊರಗಿನವರು. ನಾನು ಮಗ."

ಬಾಟಲಿಯನ್ನು ವಾಪಸ್ಸು ತೆಗೆದುಕೊಳ್ಳಲು ಅವನು ಒಪ್ಪಲಿಲ್ಲ. ಮುಟ್ಟಲೂ ಇಲ್ಲ. ಈ ಸುದ್ದಿ ಹೇಗೋ ಹರಡಿ ಬ್ರಸೆಲ್ಸಿನ ಸಂಗ್ರಹಕಾರನೊಬ್ಬ ಆರು ಸಾವಿರ ಫ್ರಾಂಕು ಕೊಡುತ್ತೇನೆಂದು ಬಂದ. ಹೆಸರಿರುವ, ಕಥೆಯಿರುವ ವಸ್ತುವಿಗೆ ಬೆಲೆ ಜಾಸ್ತಿ ಎಂದು ಅವನಿಗೆ ಕಲಿಸಿದವನೇ ರೆಮಿ. "ನಂಗೆ ಇದರ ಬೆಲೆ ಗೊತ್ತಾಗೊಲ್ಲ, ಹೋಗಿ" ಎಂದು ರೆಮಿ ಬಾಗಿಲು ಹಾಕಿಕೊಂಡ. ಆ ಚಳಿಗಾಲವೆಲ್ಲ ನನ್ನ ಕಿಟಕಿ ಪಕ್ಕದ ಮೇಜು ಖಾಲಿಯಿತ್ತು. ವಸಂತದಲ್ಲಿ ಮತ್ತೆ ಬಂದು ಕೂತ. ಬೇರೆ ಕಸುಬು ಅವನಿಗೆ ಬರುತ್ತಿರಲಿಲ್ಲ. ಆದರೆ ನಗಿಸುವುದನ್ನು ಬಿಟ್ಟಿದ್ದ.

ಜೂನಿನಲ್ಲಿ ಜಾಯ್ಸ್ ಬಂದಳು. ಐವತ್ತರ ಆಸುಪಾಸಿನ, ಗಟ್ಟಿ ನಡಿಗೆಯ ಹೆಂಗಸು. ರೆಮಿ ಬಾಟಲಿಯನ್ನು ಅವಳ ಕೈಗಿಟ್ಟು, ಆದದ್ದನ್ನೆಲ್ಲ ಒಂದನ್ನೂ ಮುಚ್ಚಿಡದೆ ಹೇಳಿದ. ಮೇಷ್ಟ್ರು ಅದನ್ನು ಇಂಗ್ಲಿಷಿನಲ್ಲಿ ಹೇಳಲೋ ಬೇಡವೋ ಎಂದು ತಡವರಿಸಿದಾಗ, "ಹಾಗೇ ಹೇಳ್ರಿ, ನಯ ಮಾಡಬೇಡಿ" ಅಂದ. ಆಕೆ ಆ ನೇರಳೆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಆ ಹಳ್ಳ ಎಲ್ಲಿದೆ, ಅಲ್ಲಿ ಹೂವಿಡಬೇಕು ಎಂದು ಮಾತ್ರ ಕೇಳಿದಳು.

ನಾವು ನಾಲ್ಕೈದು ಜನ ದಕ್ಷಿಣದ ರಸ್ತೆಯಲ್ಲಿ ನಡೆದೆವು. ರಸ್ತೆ ಅಗಲ ಮಾಡುವಾಗ ಹಳ್ಳವನ್ನು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಬೆರ್ತ್ರಾಂ ಒಂದು ಸೇಬಿನ ತೋಟದ ಬೇಲಿ ತೋರಿಸಿ ಇಲ್ಲಿರಬೇಕು ಅಂದ. ನೂರು ಹೆಜ್ಜೆ ಹೋದ ಮೇಲೆ, ಅಲ್ಲ, ಇಲ್ಲೇನೋ ಅಂದ. ಆಮೇಲೆ ರೆಮಿಯ ಮುಖ ನೋಡಿದ. ರೆಮಿ ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದ. ಆ ಜಾಗವನ್ನು ಬೆರಳಿಟ್ಟು ತೋರಿಸಬಲ್ಲವಳು ಒಬ್ಬಳೇ ಇದ್ದಳು, ಅವಳನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ಜಾಯ್ಸ್ ತಾನೇ ಒಂದು ಜಾಗ ಆರಿಸಿ, ಹುಲ್ಲು ಸರಿಸಿ, ಹೂವಿಟ್ಟಳು.