ಕೂತಲ್ಲೇ ಆಯ್ದ ಪಾರಿಜಾತ

ನಂಜನಗೂಡಿನ ಪಾರ್ಕಿನಲ್ಲಿ ಊರುಗೋಲು ಜಾರಿ ಪಾರಿಜಾತದ ಮರದಡಿ ಕುಸಿದು ಕೂತೆ. ಲಕ್ವ ಹೊಡೆದ ಮೇಲೂ ಒಬ್ಬಳೇ ನಡೆಯುತ್ತೇನೆಂದು ಹಟ ಹಿಡಿದು ಬಂದಿದ್ದೆ. ಉದುರಿದ ಹೂವನ್ನು ಪೂಜೆಗೆಂದು ಆಯುತ್ತಿದ್ದ ಅಜ್ಜಿಯೊಬ್ಬರು ಬಂದು, ಏಟಾಗಿಲ್ಲವೆಂದು ನೋಡಿಕೊಂಡು, ನನ್ನ ಮಡಿಲಲ್ಲಿ ಬುಟ್ಟಿ ಇಟ್ಟರು.

“ಎಂಗೂ ಕೂತಿದ್ದೀಯಲ್ಲವ್ವಾ, ಆ ಕಡೆ ಹೂವ ನೀನೇ ಆಯ್ಕೊಡು.”

“ಈ ಬಲಗೈ ಏಳಲ್ಲ ಅಜ್ಜಿ,” ಅಂದೆ.

“ನಿಧಾನಕ್ಕೆ ಆಯ್ಕೊ. ನಂಜುಂಡಪ್ಪಂಗೇನು ಅರ್ಜೆಂಟಿಲ್ಲ.”

ಮರಗಟ್ಟಿದ ಬೆರಳುಗಳಿಗೆ ಒಂದು ಹೂ ಸಿಗುವಷ್ಟರಲ್ಲಿ ಬಿಸಿಲೇರಿತ್ತು. ಅದು ಬುಟ್ಟಿಗೆ ಬಿದ್ದಾಗ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನಾನು ನಕ್ಕೆ.

ಈಗ ದಿನಾ ಹೋಗುತ್ತೇನೆ. ಮಾರ್ಕೆಟ್ಟಿನಿಂದ ಹೂ ತರುತ್ತೇವೆ, ಸುಮ್ಮನಿರು ಎನ್ನುತ್ತಾರೆ ಮನೆಯವರು. ಬೇಡವೆಂದಿದ್ದೇನೆ. ನಾನು ಆಯ್ದು ತರುವವರೆಗೆ ನಮ್ಮನೆ ದೇವರು ಕಾಯುತ್ತಾನೆ.