ಗುಡ್ಡದ ನೆತ್ತಿಯ ಹುಲ್ಲು

ಹೆಸ್ಟರ್ ಟಿಲ್ಸನ್ ಓದಿದ್ದು ಎಂಟನೇ ತರಗತಿ. ಒಕ್ಕಣೆಯ ಕಾಲದಲ್ಲಿ ಇಪ್ಪತ್ತು ಆಳಿಗೆ ಮೂರು ಹೊತ್ತೂ ಬೇಯಿಸಿ ಹಾಕುವ ಹೆಂಗಸು. ಅಂಥವಳಿಗೆ ಗಿಡ ಒಣಗಿಸುವ ಹುಚ್ಚು ಎಲ್ಲಿಂದ ಹತ್ತಿತೋ, ಪಲೂಸ್ ಗುಡ್ಡಗಳ ಆ ಸೀಮೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಸಿಕ್ಕ ಹೂವು ಸೊಪ್ಪನ್ನೆಲ್ಲ ಹಳೆಯ ಪತ್ರಿಕೆಯ ನಡುವೆ ಹರವಿ, ಮೇಲೆ ಹಿಟ್ಟಿನ ಮೂಟೆ ಹೇರುವಳು. ಒಣಗಿದ ಮೇಲೆ ಅಂಚೆಯಲ್ಲಿ ಕಾಲೇಜಿಗೆ ಕಳಿಸುವಳು. ಅಲ್ಲಿ ಅದನ್ನು ದಪ್ಪ ಹಾಳೆಗೆ ಅಂಟಿಸಿ, ಸ್ಥಳ, ತಾರೀಖು, ತಂದವರ ಹೆಸರು ಬರೆದು ಬೀರುವಿನಲ್ಲಿ ಇಡುತ್ತಿದ್ದರು. ತನ್ನ ಹೆಸರು ಬೀರುವಿನಲ್ಲಿದೆ ಎಂಬ ಹೆಮ್ಮೆ ಅವಳಿಗೆ ಧಾರಾಳವಾಗಿಯೇ ಇತ್ತು.

೧೯೩೮ರಲ್ಲಿ ಅವಳ ಗಂಡ ರಾಯ್, ಕಬ್ಬಿಣದ ಪಟ್ಟಿಯ ಮೇಲೆ ತೆವಳುವ ಹೊಸ ಟ್ರ್ಯಾಕ್ಟರ್ ತಂದ. ನೇಗಿಲೆಳೆಯುವ ಕುದುರೆಗಳು ಹತ್ತಲಾರದ ಕಡಿದಾದ ನೆತ್ತಿಯೊಂದನ್ನು ಬಿಟ್ಟು ಅವರ ಗುಡ್ಡವೆಲ್ಲ ಆಗಲೇ ಗೋಧಿ ಹೊಲವಾಗಿತ್ತು. ನೆತ್ತಿಯ ಮೇಲೆ ಮಾತ್ರ ಹಿಂದಿನ ಕಾಲದ ಹುಲ್ಲು, ರಾಗಿಯ ಹಾಗೆ ಬುಡಬುಡಕ್ಕೂ ತೆಂಡೆಯೊಡೆದು, ಗುಂಪು ಗುಂಪಾಗಿ ನಿಂತಿತ್ತು. ಸುಗ್ಗಿ ಮುಗಿದ ಮೇಲೆ ಅದನ್ನೂ ಉಳುತ್ತೇನೆಂದ ರಾಯ್. ತಡೆದರೆ ಕೇಳುವ ಆಸಾಮಿಯಲ್ಲ ಅವನು. ಒಂದು ತೆಂಡೆಯಾದರೂ ಬೀರುವಿನಲ್ಲಿ ಉಳಿಯಲಿ ಎಂದು ಹೆಸ್ಟರ್ ಅಡುಗೆಮನೆಯ ಚಾಕುವಿನಿಂದ ಕೊಯ್ದು ಕಳಿಸಿದಳು. ಕಾಲೇಜಿನಿಂದ ವಾಪಸು ಬಂತು. ಬೇರಿಲ್ಲದೆ ಇದು ಯಾವ ಹುಲ್ಲೆಂದು ಹೇಳಲಾಗದು, ಬುಡಸಮೇತ ಕಳಿಸಿ ಎಂದು ಬರೆದಿದ್ದರು.

ಬುಡಕ್ಕೆ ಕೈ ಹಾಕುವ ಧೈರ್ಯ ಮಾತ್ರ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮಾವ ಆಬ್ನರ್ ದನ ಹೊಡೆದುಕೊಂಡು ಆ ಸೀಮೆಗೆ ಬಂದವನು. ದನ ಅರ್ಧ ಮೇಯಬೇಕು, ಅರ್ಧ ಬಿಡಬೇಕು, ಬೇರು ಮುಟ್ಟಬಾರದು, ಇದು ಅವನ ಕಟ್ಟಳೆ. ಒಮ್ಮೆ ನೆಂಟನೊಬ್ಬ ಅಂಗಳಕ್ಕೆಂದು ಒಂದು ತೆಂಡೆ ಅಗೆದಾಗ, ಅವನಿಂದಲೇ ಅದನ್ನು ಮತ್ತೆ ನೆಡಿಸಿ ವಾರವಿಡೀ ನೀರು ಹೊರಿಸಿದ್ದ.

"ಮಾವಾ, ಒಂದೇ ಒಂದು ತೆಂಡೆ ಅಗೀತೀನಿ," ಎಂದಳು ಹೆಸ್ಟರ್.

"ನಾನು ಸತ್ತ ಮೇಲೆ ಅಗಿ."

"ನೀವು ಸಾಯೋದ್ರೊಳಗೆ ನಿಮ್ಮ ಮಗ ಎಲ್ಲಾ ಉತ್ತು ಹಾಕಿರ್ತಾನೆ. ಅವನು ಉತ್ರೆ ಬಾಯಿ ಮುಚ್ಕೊಂಡಿರ್ತೀರ, ನಾನು ಅಗೆದ್ರೆ ಮಾತ್ರ ತಪ್ಪಾ?"

ಮುದುಕ ಹೊಗೆಸೊಪ್ಪು ಅಗಿಯುವುದನ್ನು ನಿಲ್ಲಿಸಿದ. "ಜಮೀನು ಅವನ ಹೆಸರಿಗೆ ಬರ್ಕೊಟ್ಟಾಯ್ತಲ್ಲಮ್ಮ. ನಾನೇನ್ ಮಾಡ್ಲಿ?"

ಮರುದಿನ ಬೆಳಿಗ್ಗೆ ಅವನೇ ಗುದ್ದಲಿ ಹಿಡಿದು ಗುಡ್ಡ ಹತ್ತಿದ. ಮಂಡಿಯೂರಿ, ಸುತ್ತ ಕೈಯಿಂದಲೇ ಮಣ್ಣು ಸಡಿಲಿಸಿ, ಒಂದು ಬೇರೂ ಕಡಿಯದ ಹಾಗೆ ಎತ್ತಿದ. ಹೆಸ್ಟರ್ ತೊಳೆಯಲು ನೀರಿನ ಬಕೆಟ್ ಎಳೆದಳು.

"ತೊಳೀಬೇಡ."

"ತೊಳೀದಿದ್ರೆ ಕಾಲೇಜಿನವರು ಬೈತಾರೆ ಮಾವಾ."

"ಬೈದ್ರೆ ನನ್ನ ಬೈಲಿ. ನನ್ನ ಹೆಸರು ಬರಿ."

ಅವಳಿಗೆ ಒಳಗೊಳಗೇ ಚುರುಕ್ ಎಂದಿತು. ಆದರೂ ಚೀಟಿಯಲ್ಲಿ ಆಬ್ನರ್ ಟಿಲ್ಸನ್ ಎಂದೇ ಬರೆದಳು. ಕಾಲೇಜಿನವರು ಮಣ್ಣಿಗೆ ಬೈದೂ ಬೈದರು, ಹುಲ್ಲನ್ನು ಹಾಳೆಗೆ ಅಂಟಿಸಿ ಇಟ್ಟುಕೊಂಡೂ ಇಟ್ಟುಕೊಂಡರು. ಅಕ್ಟೋಬರಿನಲ್ಲಿ ರಾಯ್ ನೆತ್ತಿ ಉತ್ತ. ಆ ದಿನ ಮುದುಕ ಕೋಣೆಯಿಂದ ಹೊರಗೆ ಬರಲಿಲ್ಲ.

ಮೂವತ್ತು ವರ್ಷ ಚಳಿಗಾಲದ ಮಳೆ, ಕರಗಿದ ಹಿಮ ನೆತ್ತಿಯ ಮಣ್ಣನ್ನು ಕೊಚ್ಚಿಕೊಂಡು ಹೋದವು. ಈಗ ಅಲ್ಲಿ ಹಳದಿ ಜೇಡಿ, ಗೇಣುದ್ದದ ಗೋಧಿ. ಹೆಸ್ಟರ್ ಹಟ ಹಿಡಿದು ಗಂಡನನ್ನು ಕಾಲೇಜಿಗೆ ಕರೆದೊಯ್ದಳು. ಅಲ್ಲಿನ ಹುಡುಗಿ ಬೀರುವಿನಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಹಾಳೆಗೆ ಹಿಡಿಸಲೆಂದು ಮಡಚಿದ ಒಣಹುಲ್ಲು, ಕೆಳಗೆ ಬೇರು, ಬೇರಿನ ತುಂಬ ಮಣ್ಣು.

ರಾಯ್ ಬಹಳ ಹೊತ್ತು ಬಗ್ಗಿ ನೋಡಿದ. "ನಮ್ಮ ನೆತ್ತಿ ಮಣ್ಣು ಇಷ್ಟು ಕಪ್ಪಗಿತ್ತೇನೇ?"

"ಹೂಂ. ಇಷ್ಟೇ ಕಪ್ಪಗಿತ್ತು."

ಮೇಜಿನ ಮೇಲೆ ಮೂರು ನಾಲ್ಕು ಹರಳು ಮಣ್ಣು ಉದುರಿತ್ತು. ಹುಡುಗಿ ಒರೆಸಲು ಬಟ್ಟೆ ತಂದಳು. ರಾಯ್ ಅವಳ ಕೈ ತಡೆದು, ದಪ್ಪ ಬೆರಳಿಗೆ ಒಂದೊಂದೇ ಹರಳು ಅಂಟಿಸಿಕೊಂಡು ಮತ್ತೆ ಬೇರಿನ ಪಕ್ಕಕ್ಕೆ ಇಟ್ಟ.