ಸ್ಪಿರಿಟ್ ಇಲ್ಲದ ಸೂಜಿ

ಕಟ್ಟಬೆಟ್ಟಿನ ಭೋಜನ್ ಅಂದರೆ ನನಗೆ ಮೊದಲಿನಿಂದಲೂ ಅಚ್ಚುಮೆಚ್ಚು. ಏಳು ಎಮ್ಮೆಗಳನ್ನು ಒಬ್ಬನೇ ಕರೆಯುತ್ತಿದ್ದ, ಹೊಣೆ ಎಂಬ ಬಿದಿರಿನ ಹಾಲುಪಾತ್ರೆಯಲ್ಲಿ ನೊರೆ ಉಕ್ಕುವ ಹಾಗೆ. ಅವರ ಮನೆಯಲ್ಲಿ ಕರೆಯುವುದು ಗಂಡಸರದೇ ಕೆಲಸ. ಹಾಲಿಡುವ ಒಳಕೋಣೆಗೆ ಹೆಂಗಸರು ಕಾಲಿಡುವಂತಿಲ್ಲ, ಮೈಯಲ್ಲಿ ಸಾರಾಯಿ ವಾಸನೆ ಇರುವವನೂ ಕಾಲಿಡುವಂತಿಲ್ಲ.

೧೯೩೪ರಲ್ಲಿ ಅವನಿಗೆ ನೋವು ಶುರುವಾಯಿತು. ಕುಕ್ಕರಗಾಲಲ್ಲಿ ಕೂತರೆ ಸಾಕು, ತೊಡೆಸಂದಿಯಿಂದ ಹಿಂದಿನವರೆಗೆ ಕೆಂಡ ಇಟ್ಟ ಹಾಗೆ ಉರಿ. ನಿಂತರೆ ಕಡಿಮೆ. ಆದರೆ ನಿಂತುಕೊಂಡು ಎಮ್ಮೆ ಕರೆಯಲಾಗುತ್ತದೆಯೇ?

ತಮ್ಮ ನಂಜ ಸುಮ್ಮನಿರಲಿಲ್ಲ. "ಅಣ್ಣ, ಕೂರೋಕಾಗದವಗ ಎಮ್ಮೆ ಏತಕ್ಕ? ಬರೋ ಊರಹಬ್ಬದೊಳಗ ಸರಿಯಾಗದಿದ್ರ ಎಲ್ಲಾನೂ ಎನ್ನ ಕೊಟ್ಟಿಗೆಗ ಹೊಡಕೊಂಡು ಹೋಗುವೆ."

ಭೋಜನ್ ಕುನ್ನೂರಿನ ಆಸ್ಪತ್ರೆಗೆ ನಡೆದ. ಕೆಳಗಿನ ನರ ಕೆರಳಿದೆ, ಬಾಲಮೂಳೆಯ ಬುಡದಲ್ಲಿ ಉಪ್ಪುನೀರಿಗೆ ನೋವು ಮರಗಟ್ಟಿಸುವ ನೊವೊಕೇನ್ ಸೇರಿಸಿ ಮೂರು ಸಲ ಊಸಿ, ಅಂದರೆ ಇಂಜೆಕ್ಷನ್, ಹಾಕುತ್ತೇನೆ ಎಂದರು ಡಾಕ್ಟರು. ಚರ್ಮ ಒರೆಸಲು ಸ್ಪಿರಿಟ್ ಬಾಟಲಿ ತೆರೆದರು. ವಾಸನೆ ಬಡಿದದ್ದೇ ತಡ, ಇವನು ಪಂಚೆ ಕಟ್ಟಿಕೊಂಡು ಹೊರಗೆ. ಸಾರಾಯಿ ಸೋಕಿದ ಮೈಯಲ್ಲಿ ಹಾಲಿನ ಕೋಣೆಗೆ ಹೋಗುವುದು ಹೇಗೆ?

ಹೋಗಿ ಬಿದ್ದದ್ದು ಎಲ್ಲಿ ಗೊತ್ತೇ? ಕೋತಗಿರಿ ಸಂತೆಯಲ್ಲಿ ಕಳ್ಳವೈದ್ಯ ಮಾಡುವ ಧರ್ಮಲಿಂಗಂ ಹತ್ತಿರ. ಆ ಮನುಷ್ಯ ನಶ್ಯದ ಡಬ್ಬಿಯಲ್ಲಿ ಊಸಿ ಇಟ್ಟುಕೊಂಡಿದ್ದ. "ಎನ್ನ ಊಸಿಲಿ ಸಾರಾಯಿ ಒಂದು ತೊಟ್ಟೂ ಇಲ್ಲ ಸಾಮಿ. ಬರೀ ಸುದ್ಧ ನೀರು," ಎಂದ. ಯಾರದೋ ಕುರು ಚುಚ್ಚಿದ್ದ ಅದೇ ಸೂಜಿಯನ್ನು ಕೊಳಕು ಪಂಚೆಯ ಅಂಚಿಗೆ ಒರೆಸಿ ಇವನ ಕುಂಡಿಗೆ ಚುಚ್ಚಿದ.

ಉರಿ ಹೋಗಲಿಲ್ಲ. ಎಂಟೇ ದಿನಕ್ಕೆ ಕೋಳಿಮೊಟ್ಟೆಯಷ್ಟು ಬಾವು ಬಂತು, ಒಡೆಯಿತು, ಹಸಿರುಹಳದಿ ಕೀವು ತೊಡೆಯವರೆಗೆ ಇಳಿಯಿತು. ಅದಕ್ಕೊಂದು ಚಿಂದಿ ಸುತ್ತಿಕೊಂಡು, ಹಲ್ಲು ಕಚ್ಚಿ ಎಮ್ಮೆ ಕರೆದು, ಅದೇ ಮೈಯಲ್ಲಿ ಹಾಲಿನ ಕೋಣೆಗೆ ಹೋಗುತ್ತಿದ್ದ. ಯಾರೂ ಬೇಡ ಎನ್ನಲಿಲ್ಲ, ನಂಜ ಕೂಡ. ಆ ಹಾಲನ್ನು ಎಲ್ಲರೂ ಕುಡಿದರು. ಥೂ.

ಬಾಗಿಲ ಹೊರಗೆ ನಿಂತು ಹೇಳಿದವಳು ಹೆಂಡತಿ ಚಿನ್ನಿ ಒಬ್ಬಳೇ. "ಕೀವು ಒಳಗ ಹೋಗಬಹುದು, ಸ್ಪಿರಿಟ್ ಹೋಗಬಾರದು. ನಿಂಗ ಗಂಡಸರ ಮಡಿ ಇಷ್ಟೇನಾ? ಈ ಹಾಲು ನಾ ಕುಡಿಯೆ."

ಅವನು ಚಿಂದಿ ಬಿಚ್ಚಿ ಮೂಗಿಗೆ ಹಿಡಿದು ನೋಡಿದ. ವಾಂತಿ ಮಾಡಿಕೊಂಡ. ಮಾರನೆಯ ದಿನ ಮತ್ತೆ ಕುನ್ನೂರು.

ಡಾಕ್ಟರು ಬೈದರು, ಬಾವು ಕೊಯ್ದು ತೊಳೆದರು. ಗಾಯ ಪೂರ್ತಿ ಮಾಯ್ದ ಮೇಲೆಯೇ ಸೊಂಟದಡಿ ದಿಂಬಿಟ್ಟು ಬೋರಲು ಮಲಗಿಸಿ, ಸ್ಪಿರಿಟ್ ಹಚ್ಚಿ ಬಾಲಮೂಳೆಗೆ ಊಸಿ ಹಾಕಿದರು. ಮೊದಲ ದಿನ ಸಂಜೆಯವರೆಗೂ ಕಾಲು ತನ್ನದಲ್ಲ ಎನಿಸಿತಂತೆ. ವಾರಕ್ಕೊಂದರಂತೆ ಮೂರು ಆಯಿತು.

ಮೂರನೆಯ ಊಸಿಯ ಮರುದಿನವೇ ಹಬ್ಬ. ನಂಜ ಹಗ್ಗ ಹಿಡಿದು ಬಂದು ನಿಂತ. ಭೋಜನ್ ಮಿಂದು, ಊಸಿಯ ಜಾಗಕ್ಕೆ ಡಾಕ್ಟರು ಕೊಟ್ಟ ಸ್ಪಿರಿಟ್ ಹಚ್ಚಿ ಬಂದು ಕರೆಯಲು ಕೂತ. ಒಂದಾಯಿತು, ಎರಡಾಯಿತು. ಮೂರನೆಯದಕ್ಕೆ ಉರಿ ಎದ್ದಿತು, ಮೊದಲಿನಷ್ಟಲ್ಲ. ಎದ್ದು ಎಮ್ಮೆಗೆ ಒರಗಿ ನಿಂತ, ಉರಿ ಇಳಿದ ಮೇಲೆ ಮತ್ತೆ ಕೂತ.

"ಸ್ಪಿರಿಟ್ ವಾಸನೆ ಬರುತ್ತಲ್ಲ ಅಣ್ಣ," ಎಂದ ನಂಜ.

"ಬರಲಿ. ದಿನಾ ಕೀವಿನ ಕೈಯ ಹಾಲು ಕುಡಿದೆಯಲ್ಲ, ಆಗ ಮೂಗ ಎಲ್ಲಿಟ್ಟಿದ್ದೆ?"

ನಂಜ ಹಗ್ಗ ಬಿಟ್ಟು ಬಾಯಿ ಮುಚ್ಚಿಕೊಂಡ. ಚರಂಡಿಯ ಕಡೆಗೆ ಓಡಿದ.

ಏಳು ಎಮ್ಮೆ ಮುಗಿಯುವಷ್ಟರಲ್ಲಿ ಭೋಜನ್ ನಾಲ್ಕು ಸಲ ಎದ್ದು ನಿಂತಿದ್ದ. ಹೊಣೆ ಎತ್ತಿಕೊಂಡು ತಾನೇ ಹಾಲಿನ ಕೋಣೆಯ ಒಳಗೆ ಹೋದ.